ಹಳೆಯ ಕಾರುಗಳ ಅಜ್ಞಾತ ಬಿಡಿಭಾಗಗಳ ಗುರುತಿಸುವಿಕೆ

ಹಳೆಯ ಮೋಟಾರು ವಾಹನವನ್ನು ಜೀರ್ಣೋದ್ಧಾರ ಮಾಡುವಾಗ ಕೈಗೆ ಸಿಕ್ಕಿದರೂ ಯಾವ ವಾಹನದ ಯಾವ ಸ್ಥಾನಕ್ಕೆ ಸೇರಿದ್ದೆಂದು ತಿಳಿಯದ ಭಾಗವನ್ನು ಅಜ್ಞಾತ ಬಿಡಿಭಾಗ ಎನ್ನಲಾಗುತ್ತದೆ. ಭಾಗದ ಮೇಲಿನ ಗುರುತು, ಅಳತೆ, ತಿರುಪಿನ ಎಳೆ, ಲೋಹ, ಸವೆತದ ಕುರುಹು ಮತ್ತು ಅದು ದೊರೆತ ಸ್ಥಳ ಇವುಗಳ ಆಧಾರದಿಂದ ಅದರ ಮೂಲವನ್ನು ನಿರ್ಣಯಿಸುವುದೇ ಗುರುತಿಸುವಿಕೆ. ಆಕಾರದ ಹೋಲಿಕೆಯೊಂದನ್ನೇ ನಂಬಿ ಮಾಡುವ ನಿರ್ಣಯವು ಅನೇಕ ವೇಳೆ ತಪ್ಪಾಗುತ್ತದೆ. ಬ್ರೇಕು ಮತ್ತು ಸ್ಟಿಯರಿಂಗಿನ ಭಾಗಗಳ ವಿಷಯದಲ್ಲಿ ಇಂಥ ತಪ್ಪು ಪ್ರಾಣಾಪಾಯಕ್ಕೂ ಕಾರಣವಾಗಬಹುದು. ಭಾರತದಲ್ಲಿ ಈ ಕೆಲಸಕ್ಕೆ ಇನ್ನೊಂದು ತೊಡಕಿದೆ: ದಶಕಗಳ ಕಾಲ ಮೂಲ ಬಿಡಿಭಾಗಗಳು ದುರ್ಲಭವಾಗಿದ್ದುದರಿಂದ, ಇಲ್ಲಿನ ಹಳೆಯ ಕಾರುಗಳಲ್ಲಿ ಯಾವ ತಯಾರಕರ ಸೂಚಿಯಲ್ಲೂ ಇಲ್ಲದ, ಲೇತ್ ಯಂತ್ರದ ಮೇಲೆ ಸ್ಥಳೀಯವಾಗಿ ಕಡೆದ ಅಥವಾ ಬೇರೆ ವಾಹನದಿಂದ ತಂದು ಕೂಡಿಸಿದ ಭಾಗಗಳು ಹೇರಳವಾಗಿ ಕಂಡುಬರುತ್ತವೆ.

ಹಿನ್ನೆಲೆ

ಸ್ವಾತಂತ್ರ್ಯಪೂರ್ವದಲ್ಲಿ ಭಾರತದ ಕಾರುಗಳು ಬಹುತೇಕ ಆಮದಾದವು, ಇಲ್ಲವೇ ಹೊರಗಿನಿಂದ ಬಂದ ಭಾಗಗಳನ್ನು ಇಲ್ಲಿ ಜೋಡಿಸಿದವು. 1928ರಿಂದ ಮುಂಬಯಿಯಲ್ಲಿ ಜೋಡಣೆ ನಡೆಸುತ್ತಿದ್ದ ಜನರಲ್ ಮೋಟಾರ್ಸ್ ಸಂಸ್ಥೆಯೂ ಫೋರ್ಡ್ ಸಂಸ್ಥೆಯೂ, ದೇಶದೊಳಗೇ ತಯಾರಿಕೆ ನಡೆಸಬೇಕೆಂಬ ಸರಕಾರಿ ನೀತಿಯ ಬಳಿಕ 1950ರ ದಶಕದ ಮಧ್ಯದ ಹೊತ್ತಿಗೆ ಇಲ್ಲಿನ ಕಾರ್ಯವನ್ನು ನಿಲ್ಲಿಸಿದವು. ಅಲ್ಲಿಂದ ಮುಂದೆ ಷೆವರ್ಲೆ, ಫೋರ್ಡ್ ಮುಂತಾದ ಕಾರುಗಳ ಮಾಲಕರಿಗೆ ಅಧಿಕೃತ ಬಿಡಿಭಾಗ ದೊರೆಯುವುದು ಕಠಿಣವಾಯಿತು. ಆಮದಿನ ಮೇಲಿನ ನಿರ್ಬಂಧವು ಉಳಿದ ದಾರಿಯನ್ನೂ ಮುಚ್ಚಿತು.

ಅನಂತರದ ಮೂರು ದಶಕಗಳಲ್ಲಿ ರಸ್ತೆಯನ್ನಾಳಿದವು ಬೆರಳೆಣಿಕೆಯ ಮಾದರಿಗಳು. ಉತ್ತರಪಾರಾದ ಹಿಂದುಸ್ತಾನ್ ಮೋಟಾರ್ಸ್ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯನ್ನು ಆಧರಿಸಿ 1957ರಲ್ಲಿ ಆರಂಭಿಸಿದ ಅಂಬಾಸಡರ್ 2014ರವರೆಗೆ ತಯಾರಾಯಿತು. ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ಫಿಯಟ್ 1100 ಕಾರನ್ನು ತಯಾರಿಸಿತು. ಅದೇ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ಮದರಾಸಿನಲ್ಲಿ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಬಂದಿತು. ಮಹೀಂದ್ರ ಸಂಸ್ಥೆಯು ವಿಲ್ಲೀಸ್ ಜೀಪುಗಳನ್ನು 1940ರ ದಶಕದ ಕೊನೆಯಲ್ಲಿ ಜೋಡಿಸಲಾರಂಭಿಸಿ, ಮುಂದೆ ಇಲ್ಲಿಯೇ ತಯಾರಿಸಿತು.

ಮಾದರಿಗಳು ಕೆಲವೇ ಆದುದರಿಂದ ಗುರುತಿಸುವಿಕೆ ಸುಲಭವೆಂದು ತೋರಬಹುದು. ವಾಸ್ತವದಲ್ಲಿ ಹಾಗಿಲ್ಲ. ಹೊರಗಿನ ರೂಪವು ಹೆಚ್ಚು ಬದಲಾಗದೆ ಒಳಗಿನ ಭಾಗಗಳು ಬದಲಾಗುತ್ತ ಹೋದದ್ದೇ ಇದಕ್ಕೆ ಕಾರಣ. ಅಂಬಾಸಡರಿನ ಮೊದಲ ಕಾರುಗಳಲ್ಲಿ ಪಕ್ಕದ ಕವಾಟದ 1476 ಘನ ಸೆಂ.ಮೀ. ಎಂಜಿನ್ ಇದ್ದಿತು. ಬಳಿಕ 1489 ಘನ ಸೆಂ.ಮೀ.ನ ಬಿಎಂಸಿ ಬಿ-ಶ್ರೇಣಿಯ ಎಂಜಿನ್, ಅದೇ ಕುಟುಂಬದ ಡೀಸೆಲ್ ಎಂಜಿನ್, 1990ರ ದಶಕದಲ್ಲಿ ಇಸುಜು ಎಂಜಿನ್ ಬಂದವು. ಹೀಗಾಗಿ 'ಅಂಬಾಸಡರಿನ ಭಾಗ' ಎಂಬ ಮಾತು ಬಿಡಿಭಾಗಗಳ ವ್ಯಾಪಾರದಲ್ಲಿ ಎಷ್ಟೇ ಬಳಕೆಯಲ್ಲಿದ್ದರೂ ಗುರುತಿಸುವಿಕೆಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ.

ಗುರುತುಗಳು

ಭಾಗದ ಮೇಲಿನ ಅಂಕಿ ಮತ್ತು ಅಕ್ಷರಗಳು ಮೊದಲ ಸಾಕ್ಷಿ. ಇವುಗಳಲ್ಲಿ ಎರಕದಲ್ಲೇ ಉಬ್ಬಿ ಬಂದ ಸಂಖ್ಯೆ ಮತ್ತು ಅನಂತರ ಅಚ್ಚೊತ್ತಿದ ಸಂಖ್ಯೆ ಎಂಬ ಎರಡು ಬಗೆಗಳನ್ನು ಪ್ರತ್ಯೇಕಿಸಬೇಕು. ಎರಕದ ಸಂಖ್ಯೆಯು ಕಚ್ಚಾ ಎರಕಕ್ಕೆ ಸೇರಿದ್ದು; ಒಂದೇ ಎರಕದಿಂದ ಬೇರೆ ಬೇರೆ ರೀತಿಯಲ್ಲಿ ಕಡೆದು ಎರಡು ಮೂರು ಭಿನ್ನ ಭಾಗಗಳನ್ನು ತಯಾರಿಸುವುದುಂಟು. ಆದ್ದರಿಂದ ಎರಕದ ಸಂಖ್ಯೆಯು ಬಿಡಿಭಾಗ ಸೂಚಿಯ ಸಂಖ್ಯೆಗೆ ಹೊಂದಿಕೆಯಾಗದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಅಚ್ಚೊತ್ತಿದ ಸಂಖ್ಯೆಯು ತಯಾರಿಕೆಯ ಕೊನೆಯ ಹಂತದ್ದು ಅಥವಾ ಅದಕ್ಕೂ ಈಚಿನದು. ವಿಜಯಪುರದ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು ಈ ಭೇದಕ್ಕೆ ದೊಡ್ಡ ಗಾತ್ರದ ನಿದರ್ಶನವಾಗಬಲ್ಲದು: ಮುಹಮ್ಮದ್ ಬಿನ್ ಹಸನ್ ರೂಮಿ ಎಂಬವನು 1549ರಲ್ಲಿ ಅಹಮದ್‌ನಗರದಲ್ಲಿ ಅದನ್ನು ಎರಕ ಹೊಯ್ದನೆಂಬುದೂ, 1686ರಲ್ಲಿ ಬಿಜಾಪುರವನ್ನು ಗೆದ್ದ ಔರಂಗಜೇಬನ ಹೆಸರೂ ಒಂದೇ ತೋಪಿನ ಮೇಲಿನ ಬರಹಗಳಲ್ಲಿವೆ. ಎರಡನೆಯ ಬರಹವನ್ನಷ್ಟೇ ಓದಿದವರು ತೋಪಿನ ಕಾಲವನ್ನು ಶತಮಾನಕ್ಕಿಂತ ಹೆಚ್ಚು ತಪ್ಪಾಗಿ ಎಣಿಸಿಯಾರು.

ಬ್ರಿಟಿಷ್ ಮೂಲದ ಕಾರುಗಳ ವಿದ್ಯುತ್ ಉಪಕರಣಗಳ ಮೇಲೆ ಲ್ಯೂಕಾಸ್ ಸಂಸ್ಥೆಯ ಹೆಸರು ಸಾಮಾನ್ಯ. 1961ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಲ್ಯೂಕಾಸ್-ಟಿವಿಎಸ್ ಅಂಥವೇ ಉಪಕರಣಗಳನ್ನು ಭಾರತದಲ್ಲಿ ತಯಾರಿಸಿತು. ಇಂಥ ಉಪಕರಣಗಳ ಕವಚದ ಮೇಲೆ ಸಾಮಾನ್ಯವಾಗಿ ಮೂರು ಬಗೆಯ ಮಾಹಿತಿ ಇರುತ್ತದೆ: ಡೈನಮೊಗೆ ಸಿ40, ಡಿಸ್ಟ್ರಿಬ್ಯೂಟರಿಗೆ 25ಡಿ4 ಎಂಬಂಥ ಮಾದರಿಯ ಹೆಸರು, ಐದು ಅಂಕಿಗಳ ಬಿಡಿಭಾಗ ಸಂಖ್ಯೆ ಮತ್ತು ಅದರ ಕೊನೆಯ ಅಕ್ಷರ, ತಯಾರಾದ ತಿಂಗಳು ಅಥವಾ ವಾರ ಮತ್ತು ವರ್ಷವನ್ನು ಸೂಚಿಸುವ ಚಿಕ್ಕ ಅಂಕಿಗಳು. ಮಾದರಿಯ ಹೆಸರು ಒಂದೇ ಆಗಿದ್ದರೂ ಬಿಡಿಭಾಗ ಸಂಖ್ಯೆ ಬೇರೆಯಾಗಿರಬಹುದು. ಎರಡು 25ಡಿ4 ಡಿಸ್ಟ್ರಿಬ್ಯೂಟರುಗಳು ಹೊರಗಿನಿಂದ ಒಂದೇ ರೀತಿ ಕಂಡರೂ ಕಿಡಿಯನ್ನು ಮುಂಚಿತಗೊಳಿಸುವ ಒಳಗಿನ ಸ್ಪ್ರಿಂಗು ಮತ್ತು ತೂಕಗಳು ಎಂಜಿನ್ನಿಗೆ ತಕ್ಕಂತೆ ಭಿನ್ನವಾಗಿರುತ್ತವೆ. ಬಿಎಂಸಿ ಎಂಜಿನ್‌ಗಳ ಎರಕಗಳ ಮೇಲೆ '12ಎಚ್' ಎಂದು ಆರಂಭವಾಗುವ ಸಂಖ್ಯೆಗಳು ಕಾಣಸಿಗುತ್ತವೆ.

ಕರ್ನಾಟಕದಲ್ಲೇ ತಯಾರಾದ ಭಾಗಗಳೂ ಇವೆ. ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಜನಬಳಕೆಯ 'ಮೈಕೊ', ಜರ್ಮನಿಯ ಬಾಷ್ ಪದ್ಧತಿಯಲ್ಲಿ ಸ್ಪಾರ್ಕ್ ಪ್ಲಗ್ಗು ಮತ್ತು ಡೀಸೆಲ್ ಪಂಪುಗಳನ್ನು ತಯಾರಿಸಿತು. ಪೆಟ್ರೋಲ್ ಕಾರಿಗೆ ಡೀಸೆಲ್ ಎಂಜಿನ್ ಕೂಡಿಸಿರುವ ಸಂದರ್ಭಗಳಲ್ಲಿ ಎಂಜಿನ್ ಯಾವುದೆಂದು ತಿಳಿಯಲು ಪಂಪಿನ ಫಲಕವು ನೆರವಾಗುತ್ತದೆ. 'ಪಿಇಎಸ್ 4 ಎ 60' ಎಂಬ ಬರಹದಲ್ಲಿ ಮೊದಲ ಅಕ್ಷರಗಳು ಸ್ವಂತ ಕ್ಯಾಮ್ ದಂಡವುಳ್ಳ, ಚಾಚುಪಟ್ಟಿಯಿಂದ ಬಿಗಿಯುವ ಪಂಪನ್ನೂ, 4 ಸಿಲಿಂಡರುಗಳ ಸಂಖ್ಯೆಯನ್ನೂ, 'ಎ' ಪಂಪಿನ ಗಾತ್ರವರ್ಗವನ್ನೂ, 60 ಎಂಬುದು 6.0 ಮಿ.ಮೀ. ಪ್ಲಂಜರಿನ ವ್ಯಾಸವನ್ನೂ ಹೇಳುತ್ತವೆ. ಸ್ಪಾರ್ಕ್ ಪ್ಲಗ್ಗಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಾಷ್ ಪದ್ಧತಿಯ ಹಳೆಯ ಮೂರಂಕಿಯ ಉಷ್ಣಮಾನದಲ್ಲಿ ಸಂಖ್ಯೆ ಹೆಚ್ಚಾದಂತೆ ಪ್ಲಗ್ಗು 'ತಂಪು'. ಹೊಸ ಪದ್ಧತಿಯಲ್ಲಿ ಸಂಖ್ಯೆ ಹೆಚ್ಚಾದಂತೆ 'ಬಿಸಿ'. ಎರಡನ್ನೂ ಒಂದೇ ಅಳತೆಗೋಲಿನಿಂದ ಓದಬಾರದು.

ಜೀಪುಗಳಲ್ಲಿ ಗುರುತಿನ ಓದು ಇನ್ನಷ್ಟು ಸೂಕ್ಷ್ಮ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಂದೇ ವಿನ್ಯಾಸದ ಜೀಪನ್ನು ವಿಲ್ಲೀಸ್ ಮತ್ತು ಫೋರ್ಡ್ ಎರಡೂ ಸಂಸ್ಥೆಗಳು ತಯಾರಿಸಿದವು. ಫೋರ್ಡ್ ತನ್ನ ಭಾಗಗಳ ಮೇಲೆ, ಅನೇಕ ಬೋಲ್ಟುಗಳ ತಲೆಯ ಮೇಲೂ, 'ಎಫ್' ಅಕ್ಷರವನ್ನು ಒತ್ತುತ್ತಿತ್ತು. ಚಾಸಿಯ ಮುಂದಿನ ಅಡ್ಡಪಟ್ಟಿ ವಿಲ್ಲೀಸಿನಲ್ಲಿ ದುಂಡನೆಯ ಕೊಳವೆ. ಫೋರ್ಡಿನಲ್ಲಿ ತಲೆಕೆಳಗಾದ ತೊಟ್ಟಿಯಂಥ ಚೌಕ ಪಟ್ಟಿ. ಯುದ್ಧಕಾಲದಲ್ಲೇ ಭಾಗಗಳು ಪರಸ್ಪರ ಬದಲಾಗಿದ್ದರಿಂದ ಒಂದು ಬೋಲ್ಟಿನ 'ಎಫ್' ಇಡೀ ಜೀಪನ್ನು ಫೋರ್ಡ್ ಮಾಡದು.

ಅಳತೆ ಮತ್ತು ತಿರುಪಿನ ಎಳೆ

ಗುರುತೇ ಇಲ್ಲದ ಭಾಗದಲ್ಲಿ ತಿರುಪಿನ ಎಳೆಯೇ ಹೆಚ್ಚು ವಿಶ್ವಾಸಾರ್ಹ ಸಾಕ್ಷಿ. ಇದಕ್ಕೆ ಬೇಕಾದ ಸಲಕರಣೆ ಎರಡೇ: ವರ್ನಿಯರ್ ಕ್ಯಾಲಿಪರ್ ಮತ್ತು ಎಳೆಗಳ ಅಂತರವನ್ನು ಅಳೆಯುವ ಹಲ್ಲಿನ ಗೇಜು. ಹಳೆಯ ಬ್ರಿಟಿಷ್ ಕಾರುಗಳಲ್ಲಿ ವಿಟ್‌ವರ್ತ್ ಮತ್ತು ಬಿಎಸ್‌ಎಫ್ ಎಳೆಗಳಿದ್ದವು. ಅವುಗಳ ಎಳೆಯ ಕೋನ 55 ಡಿಗ್ರಿ. 1950ರ ದಶಕದಿಂದ 60 ಡಿಗ್ರಿ ಕೋನದ ಯುಎನ್‌ಎಫ್ ಎಳೆಗಳು ಬಳಕೆಗೆ ಬಂದವು. ವಿದ್ಯುತ್ ಉಪಕರಣಗಳ ಸಣ್ಣ ತಿರುಪುಗಳಲ್ಲಿ 47.5 ಡಿಗ್ರಿಯ ಬಿಎ ಎಳೆಗಳಿರುತ್ತಿದ್ದವು. ಫಿಯಟ್ ಮತ್ತು ಇಸುಜು ಭಾಗಗಳು ಮೆಟ್ರಿಕ್.

ಗೊಂದಲ ಹುಟ್ಟುವುದು ಅಳತೆಗಳು ಒಂದಕ್ಕೊಂದು ಬಹು ಸಮೀಪವಾಗಿರುವಲ್ಲಿ. ಇಂಚಿನ 5/16 ಅಳತೆಯ ಬೋಲ್ಟಿನ ವ್ಯಾಸ 7.94 ಮಿ.ಮೀ.; 8 ಮಿ.ಮೀ. ಬೋಲ್ಟಿಗೂ ಅದಕ್ಕೂ ಕಣ್ಣಿಗೆ ಭೇದ ಕಾಣದು. ಆದರೆ 5/16ರ ವಿಟ್‌ವರ್ತ್‌ನಲ್ಲಿ ಇಂಚಿಗೆ 18 ಎಳೆ, ಬಿಎಸ್‌ಎಫ್‌ನಲ್ಲಿ 22, ಯುಎನ್‌ಎಫ್‌ನಲ್ಲಿ 24, 8 ಮಿ.ಮೀ. ಬೋಲ್ಟಿನ ಸಾಮಾನ್ಯ ಎಳೆಯಂತರ 1.25 ಮಿ.ಮೀ., ಅಂದರೆ ಇಂಚಿಗೆ 20ಕ್ಕಿಂತ ಸ್ವಲ್ಪ ಹೆಚ್ಚು. ಬೆರಳಿನಿಂದ ಒಂದೆರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುವ ಬೋಲ್ಟು ಬಹುಶಃ ಬೇರೆ ಕುಟುಂಬದ್ದು. ಅದನ್ನು ಬಲವಾಗಿ ತಿರುಗಿಸಿದರೆ ಎಂಜಿನ್ನಿನ ಎರಕದೊಳಗಿನ ಎಳೆ ಹಾಳಾಗುತ್ತದೆ.

ಇದಕ್ಕಿಂತ ಅಪಾಯಕಾರಿಯಾದುದು ಬ್ರೇಕು ಕೊಳವೆಯ ತುದಿಯ ಜೋಡಣೆ. ಬ್ರಿಟಿಷ್ ಪದ್ಧತಿಯ 3/8 ಯುಎನ್‌ಎಫ್ ತುದಿಯ ವ್ಯಾಸ 9.53 ಮಿ.ಮೀ., ಎಳೆಯಂತರ 1.06 ಮಿ.ಮೀ.; ಮೆಟ್ರಿಕ್ ಪದ್ಧತಿಯ 10 ಮಿ.ಮೀ. ತುದಿಯ ಎಳೆಯಂತರ 1 ಮಿ.ಮೀ. ಇಂಚಿನ ತುದಿಯು ಮೆಟ್ರಿಕ್ ರಂಧ್ರದಲ್ಲಿ ಕುಳಿತು, ಬಿಗಿಯಾದಂತೆ ತೋರಿ, ಪೆಡಲನ್ನು ಜೋರಾಗಿ ಒತ್ತಿದ ಹೊತ್ತಿನಲ್ಲಿ ಕಿತ್ತುಬರುವ ಸಂಭವವಿದೆ. ಬೇರೆ ಬೇರೆ ವಾಹನಗಳ ಬ್ರೇಕು ಸಿಲಿಂಡರುಗಳು ಒಂದೇ ಪೆಟ್ಟಿಗೆಯಲ್ಲಿ ಬಿದ್ದಿರುವಲ್ಲಿ ಪ್ರತಿಯೊಂದರ ಎಳೆಯನ್ನೂ ಗೇಜಿನಿಂದ ಅಳೆಯದೆ ಬಳಸುವುದು ಸರಿಯಲ್ಲ.

ಪಾನಾಗಳ ಮೇಲಿನ ಅಂಕಿಗಳೂ ದಾರಿ ತಪ್ಪಿಸುತ್ತವೆ. ಮೆಟ್ರಿಕ್ ಮತ್ತು ಯುಎನ್‌ಎಫ್ ಪಾನಾದ ಅಂಕಿ ಬೋಲ್ಟಿನ ತಲೆಯ ಅಗಲವನ್ನು ಸೂಚಿಸಿದರೆ, ವಿಟ್‌ವರ್ತ್ ಪಾನಾದ ಅಂಕಿ ಬೋಲ್ಟಿನ ಮೈಯ ವ್ಯಾಸವನ್ನು ಸೂಚಿಸುತ್ತದೆ. ಇಂಚಿನ ಎಂಟನೆಯ ಒಂದು ಭಾಗವನ್ನು 'ಸೂತು' ಎಂದು ಎಣಿಸುವ ಕಾರ್ಯಾಗಾರದ ರೂಢಿಯೂ ಇದಕ್ಕೆ ಸೇರಿದರೆ ಒಂದೇ ಬೋಲ್ಟಿಗೆ ಮೂರು ಹೆಸರುಗಳಾಗುತ್ತವೆ. ಎಲ್ಲಕ್ಕಿಂತ ವಿಚಿತ್ರವಾದುದು ಮಾರಿಸ್ ಸಂಸ್ಥೆಯ ಹಳೆಯ ಪದ್ಧತಿ. ಅದರ ಎಂಜಿನ್ ಕಾರ್ಖಾನೆಯು ಮೊದಲು ಫ್ರೆಂಚ್ ಮೂಲದ ಹಾಚ್‌ಕಿಸ್ ಸಂಸ್ಥೆಯದಾಗಿದ್ದುದರಿಂದ, ಅಲ್ಲಿನ ಅನೇಕ ಎಂಜಿನ್‌ಗಳಲ್ಲಿ ಎಳೆ ಮೆಟ್ರಿಕ್, ತಲೆ ವಿಟ್‌ವರ್ತ್. ಮಾರಿಸ್ ಟೆನ್ ಆಧಾರಿತ ಹಿಂದುಸ್ತಾನ್ 10 ಕಾರಿನ ಎಂಜಿನ್ ಈ ವಂಶಕ್ಕೆ ಸೇರಿದ್ದು.

ಬೇರಿಂಗುಗಳ ವಿಷಯ ಸರಳ. 6305 ಎಂಬಂಥ ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು 5ರಿಂದ ಗುಣಿಸಿದರೆ ಒಳವ್ಯಾಸ ದೊರೆಯುತ್ತದೆ, ಇಲ್ಲಿ 25 ಮಿ.ಮೀ. ಕೊನೆಯ ಅಂಕಿಗಳು 00, 01, 02, 03 ಆಗಿದ್ದರೆ ಒಳವ್ಯಾಸ ಕ್ರಮವಾಗಿ 10, 12, 15, 17 ಮಿ.ಮೀ. ಬೇರಿಂಗು ಯಾವ ಕಾರಿನದೆಂದು ಈ ಸಂಖ್ಯೆ ಹೇಳುವುದಿಲ್ಲ, ಏಕೆಂದರೆ ಅದೇ ಬೇರಿಂಗು ನೀರೆತ್ತುವ ಪಂಪಿನಲ್ಲೂ ಇರಬಹುದು.

ಲೋಹದ ಪರೀಕ್ಷೆ

ಮೊದಲ ಪರೀಕ್ಷೆ ಅಯಸ್ಕಾಂತದ್ದು. ಅಯಸ್ಕಾಂತಕ್ಕೆ ಅಂಟದ ಬೂದುಬಣ್ಣದ ಎರಕವು ಅಲ್ಯೂಮಿನಿಯಂ ಆಗಿರಬಹುದು, ಸತುವಿನ ಮಿಶ್ರಲೋಹವೂ ಆಗಿರಬಹುದು. ಇವೆರಡನ್ನು ತೂಕ ಮತ್ತು ನೀರಿನಿಂದ ಬೇರ್ಪಡಿಸಬಹುದು: ಭಾಗದ ತೂಕವನ್ನು ಗ್ರಾಮಿನಲ್ಲಿ ತಿಳಿದು, ಅದು ಸ್ಥಳಾಂತರಿಸುವ ನೀರಿನ ಮಿಲಿಲೀಟರಿನಿಂದ ಭಾಗಿಸಬೇಕು. ಉತ್ತರ 2.7ರ ಸಮೀಪವಿದ್ದರೆ ಅಲ್ಯೂಮಿನಿಯಂ, 6.7ರ ಸಮೀಪವಿದ್ದರೆ ಸತುವಿನ ಮಿಶ್ರಲೋಹ, 8.5ರ ಸಮೀಪವಿದ್ದರೆ ಹಿತ್ತಾಳೆ. ಕಾರ್ಬ್ಯುರೇಟರಿನ ಮೈ, ಬಾಗಿಲ ಹಿಡಿಕೆ, ಲಾಂಛನಗಳು ಬಹುತೇಕ ಸತುವಿನ ಮಿಶ್ರಲೋಹದವು. ಯುದ್ಧಪೂರ್ವದ ಅಶುದ್ಧ ಸತುವಿನ ಎರಕಗಳು ಕಾಲಾಂತರದಲ್ಲಿ ಒಳಗಿನಿಂದಲೇ ಉಬ್ಬಿ ಬಿರಿಯುತ್ತವೆ. ಅಂಥ ಭಾಗದ ಅಳತೆಯನ್ನೇ ಮೂಲ ಅಳತೆಯೆಂದು ತಿಳಿದು ಪ್ರತಿಕೃತಿ ಮಾಡಿಸಿದರೆ ಅದು ತನ್ನ ಸ್ಥಾನದಲ್ಲಿ ಕೂರುವುದಿಲ್ಲ.

ಹಳೆಯ ಬ್ರೇಕು ಪಟ್ಟಿ, ಕ್ಲಚ್ಚಿನ ಮೇಲ್ಪದರ ಮತ್ತು ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿದೆ. ಇಂಥ ಭಾಗಗಳನ್ನು ಗುರುತಿಗಾಗಿ ಉಜ್ಜುವುದು, ಒಣ ಗಾಳಿಯಿಂದ ಊದುವುದು ಶ್ವಾಸಕೋಶಕ್ಕೆ ಹಾನಿಕರ. ಒದ್ದೆ ಮಾಡಿ ಒರೆಸಬೇಕು.

ತಂತಿಗಳು

ಬ್ರಿಟಿಷ್ ಮೂಲದ ಕಾರಿನಲ್ಲಿ ತುಂಡಾಗಿ ತೂಗುವ ತಂತಿಯ ಕೆಲಸವನ್ನು ಬಣ್ಣದಿಂದ ಊಹಿಸಬಹುದು. ಕಂದು ತಂತಿ ಬ್ಯಾಟರಿಯಿಂದ ಸದಾ ವಿದ್ಯುತ್ ಹೊತ್ತಿರುವಂಥದು, ಬಿಳಿ ಇಗ್ನಿಷನ್ ಕೀಲಿಯಿಂದ ಬರುವಂಥದು, ಹಸಿರು ಅದೇ ಕೀಲಿಯ ಬಳಿಕ ಫ್ಯೂಸ್ ದಾಟಿದ್ದು. ನೇರಳೆ ತಂತಿ ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದದ್ದು, ನೀಲಿ ಮುಂದೀಪದ್ದು, ಕೆಂಪು ಪಕ್ಕದ ಮತ್ತು ಹಿಂದಿನ ದೀಪದ್ದು, ಕಪ್ಪು ಭೂಸಂಪರ್ಕದ್ದು. ಕೈಗೆ ಸಿಕ್ಕ ಬಣ್ಣದ ತಂತಿಯಿಂದ ದುರಸ್ತಿ ಮಾಡಿರುವ ಕಾರಿನಲ್ಲಿ ಈ ಸೂತ್ರ ಕೆಲಸ ಮಾಡುವುದಿಲ್ಲ. 1960ರ ದಶಕದ ಮಧ್ಯದವರೆಗೆ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಮೈಗೆ ಜೋಡಿಸುವ ಪದ್ಧತಿ ವ್ಯಾಪಕವಾಗಿತ್ತು ಎಂಬುದನ್ನೂ ಗಮನಿಸಬೇಕು.

ಸ್ಥಾನ ಮತ್ತು ಸವೆತದ ಸಾಕ್ಷ್ಯ

ಭಾಗವು ಇದ್ದ ಜಾಗದಲ್ಲಿ ಅದರ ನೆರಳು ಉಳಿದಿರುತ್ತದೆ: ಬಣ್ಣ ತಾಗದ ಚೌಕ, ತುಕ್ಕು ಹಿಡಿಯದ ಉಂಗುರ, ಎಣ್ಣೆ ಧೂಳಿನ ಗಡಿರೇಖೆ. ಭಾಗದ ರಂಧ್ರಗಳ ನಡುವಣ ಅಂತರವನ್ನು ಕಾಗದದ ಮೇಲೆ ಇಳಿಸಿಕೊಂಡು ಕಾರಿನ ಮೈಯ ರಂಧ್ರಗಳಿಗೆ ಹೋಲಿಸುವುದು ಸುಲಭೋಪಾಯ. ಒಂದೇ ಪಕ್ಕ ಹೊಳೆಯುವ ಸವೆತವಿದ್ದರೆ ಅಲ್ಲಿ ಇನ್ನೊಂದು ಭಾಗ ಉಜ್ಜುತ್ತಿತ್ತೆಂದು ತಿಳಿಯಬೇಕು. ಆದ್ದರಿಂದ ಗುರುತಿಸುವ ಮೊದಲೇ ಭಾಗವನ್ನು ಮರಳಿನಿಂದ ಉಜ್ಜಿ ಹೊಳಪಿಸುವುದು ಸಾಕ್ಷ್ಯನಾಶವೇ ಸರಿ. ಅನುಭವಿಗಳು ಬಿಚ್ಚುವ ಮುನ್ನ ಛಾಯಾಚಿತ್ರ ತೆಗೆದು, ಭಾಗಕ್ಕೆ ಚೀಟಿ ಕಟ್ಟಿ, ಅದರ ಬೋಲ್ಟುಗಳನ್ನು ಅದರೊಡನೆಯೇ ಚೀಲದಲ್ಲಿಡುತ್ತಾರೆ. ಬೇರೆಯವರು ಬಿಚ್ಚಿ, ಪೆಟ್ಟಿಗೆಗಳಲ್ಲಿ ತುಂಬಿ ಮಾರಿದ ಕಾರಿನಲ್ಲಿ ಈ ಸೌಲಭ್ಯವಿಲ್ಲ. ಅಲ್ಲಿ ಪೆಟ್ಟಿಗೆಯ ಎಲ್ಲ ಭಾಗವೂ ಅದೇ ಕಾರಿನದೆಂದು ಭಾವಿಸುವುದೇ ಮೊದಲ ತಪ್ಪು.

ಸ್ಥಳೀಯವಾಗಿ ಕಡೆದ ಭಾಗಗಳನ್ನು ಕೆಲವು ಲಕ್ಷಣಗಳಿಂದ ತಿಳಿಯಬಹುದು. ಸಂಖ್ಯೆಯಾಗಲಿ ಲಾಂಛನವಾಗಲಿ ಇರುವುದಿಲ್ಲ. ಲೇತ್ ಹರಿತದ ಸುರುಳಿ ಗೆರೆಗಳು ಕಣ್ಣಿಗೆ ಕಾಣುತ್ತವೆ. ಎರಕವಾಗಿರಬೇಕಾದುದು ಗಟ್ಟಿ ದಂಡದಿಂದ ಕಡೆದದ್ದಾಗಿರುತ್ತದೆ. ಇಂಚಿನ ಕಾರಿನಲ್ಲಿ ಪೂರ್ಣಾಂಕದ ಮಿಲಿಮೀಟರ್ ಅಳತೆಗಳು ಬರುತ್ತವೆ. ಇಂಥ ಭಾಗವನ್ನು ಗುಜರಿಗೆ ಹಾಕುವುದು ರೂಢಿ. ಆದರೆ ಮೂಲ ಭಾಗವು ದೊರೆಯದ ಕಾಲದಲ್ಲಿ ಆ ಕಾರನ್ನು ರಸ್ತೆಯ ಮೇಲೆ ಉಳಿಸಿದ್ದು ಅದೇ ಆಗಿರುವುದರಿಂದ, ಬದಲಿಸಿದರೂ ಚೀಟಿ ಕಟ್ಟಿ ಕಾಯ್ದಿಡುವುದು ಉಚಿತ. ಮೂಲ ಭಾಗವು ಹೇಗಿತ್ತೆಂಬುದಕ್ಕೆ ಕೆಲವೊಮ್ಮೆ ಅದೊಂದೇ ನಮೂನೆ.

ವಿಜಯಪುರ, ತಿಕೋಟಾ ಮತ್ತು ಬಬಲೇಶ್ವರ ಪ್ರದೇಶ

ವಿಜಯಪುರದ ಪಶ್ಚಿಮಕ್ಕೆ ಅಥಣಿಯ ದಾರಿಯಲ್ಲಿ ತಿಕೋಟಾ, ನೈರುತ್ಯಕ್ಕೆ ಜಮಖಂಡಿಯ ದಾರಿಯಲ್ಲಿ ಬಬಲೇಶ್ವರ ಇವೆ. ದ್ರಾಕ್ಷಿ ಬೆಳೆಗೆ ಹೆಸರಾದ ಈ ಪ್ರದೇಶವು ಕಡಿಮೆ ಮಳೆಯ, ಕಪ್ಪು ಮಣ್ಣಿನ ಬಯಲು. ಕರಾವಳಿಯ ಕಾರುಗಳಿಗೆ ಹೋಲಿಸಿದರೆ ಇಂಥ ಒಣ ಹವೆಯಲ್ಲಿ ತಗಡಿನ ತುಕ್ಕು ಕಡಿಮೆಯಿರುವುದರಿಂದ ಅಚ್ಚೊತ್ತಿದ ಸಂಖ್ಯೆಗಳು ಹೆಚ್ಚು ಕಾಲ ಓದಲು ಬರುತ್ತವೆ. ಬೇಸಿಗೆಯ ಬಿಸಿಲಿಗೆ ರಬ್ಬರಿನ ಭಾಗಗಳು ಮಾತ್ರ ಗಟ್ಟಿಯಾಗಿ ಬಿರಿದು ಆಕಾರ ಕಳೆದುಕೊಳ್ಳುತ್ತವೆ. ಚಾಸಿಯ ಪೆಟ್ಟಿಗೆಯಾಕಾರದ ಪಟ್ಟಿಗಳೊಳಗೆ ಸೇರಿದ ಕಪ್ಪು ಮಣ್ಣು ತೇವವನ್ನು ಹಿಡಿದಿಡುವುದರಿಂದ ಅಲ್ಲಿ ಒಳಗಿನಿಂದ ತುಕ್ಕು ಹತ್ತುವುದೂ ಉಂಟು.

ಕಾರಿನ ಕಾಗದಪತ್ರಗಳನ್ನು ಓದುವಾಗ ಈ ಪ್ರದೇಶದ ಆಡಳಿತ ಚರಿತ್ರೆಯು ತಿಳಿದಿರಬೇಕು. ಬಿಜಾಪುರ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಅದಕ್ಕೂ ಹಿಂದೆ ಇಲ್ಲಿ ನೋಂದಣಿಯಾದ ಕಾರಿನ ದಾಖಲೆ ಮುಂಬಯಿ ರಾಜ್ಯದ್ದಾಗಿರುತ್ತದೆ. ಆಮೇಲಿನದು ಮೈಸೂರು ರಾಜ್ಯದ್ದು, 1973ರ ನಂತರ ಕರ್ನಾಟಕದ್ದು. ಈಗಿನ ಕೆಎ-28 ಸಂಕೇತವು 1989ರಲ್ಲಿ ಜಾರಿಗೆ ಬಂದ ಮೋಟಾರು ವಾಹನ ಕಾಯಿದೆಯ ಕಾಲದ್ದು. ನಗರದ ಹೆಸರು ಅಧಿಕೃತವಾಗಿ ವಿಜಯಪುರ ಎಂದಾದದ್ದು 2014ರ ನವೆಂಬರ್ 1ರಂದು; ತಿಕೋಟಾ ಮತ್ತು ಬಬಲೇಶ್ವರ ಪ್ರತ್ಯೇಕ ತಾಲೂಕುಗಳಾದದ್ದು ಇನ್ನೂ ಈಚೆಗೆ. ಹೀಗಾಗಿ ತಿಕೋಟಾದ ಕಾರೊಂದರ ಹಳೆಯ ಪತ್ರದಲ್ಲಿ 'ಬಿಜಾಪುರ ತಾಲೂಕು' ಎಂದಿದ್ದರೆ ಅದು ಬೇರೆ ಊರಿನ ಕಾರೆಂದು ತಿಳಿಯಬೇಕಾಗಿಲ್ಲ.

ನೋಂದಣಿ ಮತ್ತು ಕಾನೂನು

2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯಿಂದ ಅಜ್ಞಾತ ಭಾಗದ ಪ್ರಶ್ನೆಗೆ ಕಾನೂನಿನ ಮಹತ್ವವೂ ಬಂದಿದೆ. ಮೊದಲ ನೋಂದಣಿಯಿಂದ 50 ವರ್ಷ ಮೀರಿದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳನ್ನು ಮೂಲ ರೂಪದಲ್ಲಿ ಉಳಿಸಿಕೊಂಡಿದ್ದರೆ 'ವಿಂಟೇಜ್' ಎಂದು ನೋಂದಾಯಿಸಬಹುದು. ಚಾಸಿ, ಹೊರಮೈ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ. ಅವಧಿ 10 ವರ್ಷ. ಸಂಖ್ಯಾಫಲಕದಲ್ಲಿ ರಾಜ್ಯದ ಸಂಕೇತದ ಬಳಿಕ 'ವಿಎ' ಎಂಬ ಅಕ್ಷರಗಳು ಬರುತ್ತವೆ. ಇಂಥ ವಾಹನವನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ‍್ಯಾಲಿ, ಇಂಧನ ಮತ್ತು ನಿರ್ವಹಣೆಗಾಗಿ ರಸ್ತೆಗೆ ತರಬಹುದೇ ಹೊರತು ದಿನನಿತ್ಯದ ಅಥವಾ ವಾಣಿಜ್ಯದ ಬಳಕೆಗೆ ಅವಕಾಶವಿಲ್ಲ.

ಎಂಜಿನ್ ಮೂಲದ್ದೋ ಬೇರೆಯದೋ ಎಂಬ ನಿರ್ಣಯವು ಈ ನಿಯಮದಡಿ ಮಾಲಕನ ಅರ್ಜಿಯ ಗತಿಯನ್ನೇ ಬದಲಿಸಬಲ್ಲದು. ಪೆನ್ಸಿಲ್ಲನ್ನು ಕಾಗದದ ಮೇಲೆ ಉಜ್ಜಿ ಚಾಸಿ ಸಂಖ್ಯೆಯ ಪಡಿಯಚ್ಚು ತೆಗೆಯುವ, ಸಾರಿಗೆ ಕಚೇರಿಗಳಲ್ಲಿ ಪರಿಚಿತವಾದ ವಿಧಾನವು ಜೀರ್ಣೋದ್ಧಾರದ ಮೊದಲ ದಿನವೇ ಉಪಯುಕ್ತ. ಬಣ್ಣದ ಪದರಗಳ ಅಡಿಯಲ್ಲಿ ಮಸುಕಾದ ಅಂಕಿಗಳು ಕಣ್ಣಿಗೆ ಕಾಣದಿದ್ದರೂ ಪೆನ್ಸಿಲ್ಲಿಗೆ ಸಿಗುತ್ತವೆ. ಅಂಕಿಗಳು ಸ್ಪಷ್ಟವಾಗದಿದ್ದರೆ ಅವುಗಳನ್ನು ಮತ್ತೆ ಕೊರೆದು ತಿದ್ದುವಂತಿಲ್ಲ. ನೋಂದಣಿ ಪ್ರಾಧಿಕಾರದ ಅನುಮತಿಯಿಲ್ಲದೆ ಚಾಸಿ ಅಥವಾ ಎಂಜಿನ್ ಸಂಖ್ಯೆಯನ್ನು ಮುಟ್ಟುವುದು ವಾಹನದ ದಾಖಲೆಯನ್ನೇ ಸಂಶಯಕ್ಕೆ ಗುರಿಮಾಡುತ್ತದೆ.